ನಿರ್ದಾಕ್ಷಿಣ್ಯವಾಗಿ ಹೇಳಿ ಸಾರ್

ಸ್ತುತಿಯನ್ನು ಬಯಸುವವರು ಲೋಕದಲ್ಲಿ ಹೇರಳವಾಗಿರುವರು; ಆದರೆ ವಿಮರ್ಶೆಯನ್ನು ತಾವಾಗಿಯೇ ಆಹ್ವಾನಿಸಿ, ಪೀಠವಿತ್ತು, ಅದು ಕುಳಿತುಕೊಳ್ಳುವ ಮೊದಲೇ ವಿನಯಪೂರ್ವಕವಾಗಿ ಬಾಗಿಲು ತೋರಿಸುವ ಕಲೆಯನ್ನು ಸಾಧಿಸಿದವನು ನಮ್ಮ ಬೆಂಗಳೂರಿನ ತರುಣ ಡಿಸೈನರನೊಬ್ಬನೇ. ಕಪ್ಪು ಅಂಗಿ, ದುಂಡು ಕನ್ನಡಕ, ಹೆಗಲ ಚೀಲದಲ್ಲಿ ಲ್ಯಾಪ್‌ಟಾಪು. ಈತನನ್ನು ತಾವೂ ಬಲ್ಲಿರಿ.

ರಾಜ್ಯೋತ್ಸವದ ಫಲಕವೊಂದನ್ನು ರಚಿಸಲು ಈತನು ಕುಳಿತನೆಂದರೆ, ಅದು ಮುಗಿಯುವವರೆಗೆ ಹೆತ್ತ ತಾಯಿಗೂ ದರ್ಶನವಿಲ್ಲ. ಯಾರಾದರೂ ಹಿಂದಿನಿಂದ ಹಾದುಹೋದರೆ ಲ್ಯಾಪ್‌ಟಾಪಿನ ಮುಚ್ಚಳವು ತಟಕ್ಕನೆ ಮುಚ್ಚಿಕೊಳ್ಳುವುದು. “ಇನ್ನೂ ಹಸಿಯಿದೆ ಸಾರ್” ಎನ್ನುವನು. ಆ ಹಸಿತನವು ಆರಿ, ಫ್ಲೆಕ್ಸು ಮುದ್ರಣಗೊಂಡು, ವೃತ್ತದ ಕಂಬಕ್ಕೆ ಬಿಗಿಯಲ್ಪಟ್ಟು, ಇನ್ನು ಬ್ರಹ್ಮನಿಂದಲೂ ಒಂದು ಗೆರೆಯನ್ನು ತಿದ್ದಲಾಗದೆಂಬುದು ಖಚಿತವಾದ ಮೇಲೆ, ಅದೇ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಏರಿಸಿ, ಕೆಳಗೆ ಬರೆಯುವನು: “ನಿರ್ದಾಕ್ಷಿಣ್ಯವಾಗಿ ಹೇಳಿ.”

ಕ್ಷಣಾರ್ಧದಲ್ಲಿ ಮಿತ್ರಮಂಡಲಿಯು ಹೇಳತೊಡಗುವುದು. “ಬೆಂಕಿ ಮಗಾ!” “ಸೂಪರ್ ಗುರು!” ಸಾಲುಸಾಲಾಗಿ ಅಗ್ನಿಜ್ವಾಲೆಗಳು, ಜೋಡಿಸಿದ ಕೈಗಳು. ಇವರಲ್ಲಿ ಬಹುಮಂದಿ ಚಿತ್ರವನ್ನು ಬಿಡಿಸಿ ಕೂಡ ನೋಡಿರುವುದಿಲ್ಲ. ನಾಳೆ ತಮ್ಮ ಚಿತ್ರಗಳಿಗೂ ಇಷ್ಟೇ ಬೆಂಕಿ ಬೀಳಬೇಕೆಂಬ ದೂರದೃಷ್ಟಿಯೊಂದೇ ಅವರ ಪ್ರೇರಣೆ. ಒಂಟೆಯ ಮದುವೆಗೆ ಕತ್ತೆಯು ಗಾಯಕನಾಗಿ ಬಂದು ಪರಸ್ಪರ ಹೊಗಳಿಕೊಂಡ ಪ್ರಸಂಗವನ್ನು ಬರೆದ ಸುಭಾಷಿತಕಾರನಿಗೆ ಇನ್‌ಸ್ಟಾಗ್ರಾಮು ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ.

ಈ ಸಂಭ್ರಮದ ಮಧ್ಯೆ, ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ಕಣ್ಣು ಮಂಜಾದ ಹಿರಿಯರೊಬ್ಬರು ಒಂದೇ ಸಾಲನ್ನು ಬರೆದರು: “ತಮ್ಮಾ, ಬಣ್ಣ ಚೆನ್ನಾಗಿದೆ, ಆದರೆ ‘ರಾಜ್ಯೋತ್ಸವ’ ಹೋಗಿ ‘ರಾಜ್‌ಯೋತ್‌ಸವ’ ಆಗಿದೆಯಲ್ಲಪ್ಪ.” ಅವರ ಮಾತು ಸತ್ಯವಾಗಿತ್ತು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆ ಒಗ್ಗುವ ಅಕ್ಷರಜೋಡಣೆಯ ವಿಧಾನವನ್ನು ಆರಿಸಿಕೊಳ್ಳದೆ ಹೋದರೆ, ವ್ಯಂಜನದ ಕೆಳಗೆ ಕೂರಬೇಕಾದ ಒತ್ತಕ್ಷರವು ಮುನಿಸಿಕೊಂಡು ಪಕ್ಕಕ್ಕೆ ಸರಿದು ನಿಲ್ಲುವುದೂ, ಅರ್ಧಾಕ್ಷರದ ಚಿಹ್ನೆ ಬಯಲಾಗುವುದೂ ನಗರದ ಫ್ಲೆಕ್ಸುಗಳನ್ನು ಓದಿಬಲ್ಲ ಯಾರಿಗೂ ಹೊಸತಲ್ಲ. ಒಂದು ಆಯ್ಕೆಯನ್ನು ಬದಲಿಸಿದರೆ ತೀರುವ ದೋಷ.

ನಮ್ಮ ಮಹಾಶಯನ ಉತ್ತರವು ಬರಲು ತಡವಾಗಲಿಲ್ಲ. “ಥ್ಯಾಂಕ್ಸ್ ಸಾರ್, ನಿಮ್ಮ ಅಭಿಪ್ರಾಯವನ್ನು ಗೌರವಿಸುತ್ತೇನೆ. ಆದರೆ ಅದು ಬೇಕೂಂತಲೇ ಮಾಡಿದ್ದು. 1956ಕ್ಕೆ ಮುಂಚೆ ಕನ್ನಡನಾಡು ಮುಂಬಯಿ, ಮದರಾಸು, ಹೈದರಾಬಾದು ಅಂತ ಹರಿದು ಹಂಚಿಹೋಗಿತ್ತಲ್ಲ ಸಾರ್, ಒಡೆದ ಅಕ್ಷರ ಅದನ್ನು ಸೂಚಿಸುತ್ತೆ. ಕಾನ್ಸೆಪ್ಟ್.” ಏಕೀಕರಣದ ಸಮಸ್ತ ಇತಿಹಾಸವನ್ನು ಒಂದು ಮುದ್ರಣದೋಷದ ಬೆಂಬಲಕ್ಕೆ ನಿಲ್ಲಿಸಿದ ಈ ಪ್ರತಿಭೆಗೆ ಹಿರಿಯರು ಏನು ತಾನೆ ಹೇಳಿಯಾರು?

ತಪ್ಪೆಲ್ಲವೂ ಅವನದೆಂದು ನಾನು ಹೇಳಲಾರೆ. ಕಾಲೇಜಿನಲ್ಲಿ ‘ಜ್ಯೂರಿ’ ಎಂಬ ಹೆಸರಿನಿಂದ, ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ ಕೆಲಸವನ್ನು ಗೋಡೆಗೆ ಅಂಟಿಸಿ, ಅದರ ಪಕ್ಕದಲ್ಲಿಯೇ ತಾನೂ ನಿಂತು, ಗುರುಗಳು ಒಬ್ಬೊಬ್ಬರಾಗಿ ಬಂದು ನಿಟ್ಟುಸಿರುಬಿಟ್ಟು ಹೋಗುವುದನ್ನು ಕಂಡವನ ಎದೆಯು ಸ್ವಲ್ಪ ಅಳುಕಿದರೆ ಆಶ್ಚರ್ಯವೇನು? ಇದರ ಮೇಲೆ, “ನಮ್ಮ ಪಾಪು ಇದಕ್ಕಿಂತ ಚೆನ್ನಾಗಿ ಗೀಚ್ತಾಳೆ” ಎಂದು ಬರೆದು ಮಾಯವಾಗುವ ಅನಾಮಧೇಯ ವೀರರೂ ಉಂಟು; ಅವರದು ವಿಮರ್ಶೆಯಲ್ಲ, ಕಲ್ಲೆಸೆತ.

ಹಿಂದೆ ಅಂಗಡಿಯ ಬೋರ್ಡು ಬರೆಯುತ್ತಿದ್ದ ಕಲಾವಿದನಿಗೆ ಅಡಗಿಕೊಳ್ಳುವ ಸೌಕರ್ಯವೇ ಇರಲಿಲ್ಲ. ಅವನು ಏಣಿಯ ಮೇಲೆ, ಬೀದಿಯೆಲ್ಲ ಅವನ ಬೆನ್ನ ಹಿಂದೆ. ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗಲೇ “ಆ ‘ಕ’ ಸೊಟ್ಟಗಾಯ್ತು ಕಣಣ್ಣಾ” ಎಂದು ಸೋಡಾ ಕುಡಿಯುತ್ತ ನಿಂತವನು ಕೂಗಿದರೆ, ಅವನು ನಾಲ್ಕು ಬೈದು, ಇಳಿದು ಬಂದು, ದೂರದಿಂದ ನೋಡಿ, ಮತ್ತೆ ಹತ್ತಿ ತಿದ್ದುತ್ತಿದ್ದನು. ಬಣ್ಣ ಬಿದ್ದ ಮೇಲೆ ಅಭಿಪ್ರಾಯ ಕೇಳುವ ಸಂಪ್ರದಾಯ ಅವನಲ್ಲಿರಲಿಲ್ಲ.

ಹಲವರ ಮಾತಿನಿಂದ ರೂಪ ತಿದ್ದಿಕೊಳ್ಳುವ ಈ ಪದ್ಧತಿಗೆ ದೊಡ್ಡವರ ಸಾಕ್ಷಿಯೂ ಉಂಟು. 1958ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಬರೆದುಕೊಟ್ಟ ವರದಿಯು, 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಜನನಕ್ಕೆ ಕಾರಣವಾಯಿತಷ್ಟೆ. ಅದರಲ್ಲಿ ಅವರು ಮುಕ್ತಕಂಠದಿಂದ ಕೊಂಡಾಡಿದ್ದು ನಮ್ಮ ತಂಬಿಗೆಯನ್ನು, ಅದನ್ನು ರೂಪಿಸಿದವನು ಯಾವನೋ ಒಬ್ಬನಲ್ಲ, ಅನೇಕ ತಲೆಮಾರುಗಳ ಅನೇಕ ಜನರೆಂದು. ಅದರ ಕಂಠವು ಹಿಡಿಗೆ ದಕ್ಕುವಂತಾಗಲು ಎಷ್ಟು ಅಜ್ಜಿಯರು ಎಷ್ಟು ಕಂಚುಗಾರರನ್ನು ಗದರಿಸಿರಬೇಕೋ! ನಮ್ಮ ಮಹಾಶಯನು ಈ ವರದಿಯನ್ನೋದಿ ಅಂಕಗಳನ್ನು ಪಡೆದಿರುವನು. ತಂಬಿಗೆಯ ಚಿತ್ರವೂ ಅವನ ಕೋಣೆಯ ಗೋಡೆಯ ಮೇಲಿದೆ.

ಆದುದರಿಂದ ತಮ್ಮಾ, ಬರುವ ವರ್ಷ ಅಕ್ಟೋಬರದ ಮೊದಲ ವಾರದಲ್ಲಿಯೇ, ಹಸಿಯಾಗಿರುವಾಗಲೇ, ನಿನ್ನ ಕರಡನ್ನು ನಾಲ್ಕು ಜನರ ಮುಂದಿಡು. ಓದುಗ ಮಹಾಶಯರೇ, ತಾವು ಕೂಡ ಬೆಂಕಿಯ ಚಿತ್ರವನ್ನು ಒತ್ತುವ ಮುನ್ನ ಒತ್ತಕ್ಷರದ ಮೇಲೊಮ್ಮೆ ಕಣ್ಣುಹಾಯಿಸಬೇಕಾಗಿ ಪ್ರಾರ್ಥನೆ.