ಆರನೆಯ ಗಣದಲ್ಲಿ ಜಗಳ

ಲಾಕ್‌ಡೌನ್ ಕಾಲದಲ್ಲಿ ಫೀಸು ತೆಗೆದುಕೊಂಡು ಆನ್‌ಲೈನಿನಲ್ಲಿ ಛಂದಸ್ಸು ಹೇಳಿಕೊಟ್ಟವನು ನಾನು. ಆ ಪಾಠಗಳನ್ನು ವೆಬ್‌ಸೈಟಿಗೆ ಹಾಕಿ ನಾಡಿಗೆ ಧಾರೆಯೆರೆದುಬಿಡೋಣ ಎಂಬ ಔದಾರ್ಯ ಈಚೆಗೆ ಉಕ್ಕಿತು.

"ಎಂಐಟಿಯವರು 2001ರಲ್ಲೇ ತಮ್ಮ ಪಾಠಗಳನ್ನ ಲೋಕಕ್ಕೆಲ್ಲ ತೆರೆದಿಡ್ತೀವಿ ಅಂತ ಸಾರಿದರು ಕಣೇ" ಎಂದೆ.

"ಅವರ ಪಾಠಕ್ಕೆ ಜನ ಕಾಯ್ತಿದ್ದರು ರೀ" ಎಂದಳು ಹೆಂಡತಿ, ಸಾರು ಬಡಿಸುತ್ತ.

ರೆಕಾರ್ಡಿಂಗನ್ನು ಇದ್ದ ಹಾಗೇ ಏರಿಸಿದರಾಯಿತು ಎಂಬುದು ನನ್ನ ಲೆಕ್ಕ. ಮಗಳು ಒಪ್ಪಲಿಲ್ಲ. "ಕೇಳಿಸ್ತಿದೆಯಾ?" ತೆಗೆದಳು. "ಯಾರೋ ಮ್ಯೂಟ್ ಮಾಡಿಲ್ಲ" ತೆಗೆದಳು (ಮಾಡದವನು ನಾನೇ, ಕೂಗಿದ್ದು ನಮ್ಮದೇ ಕುಕ್ಕರ್). "ಫೀಸು ಬಾಕಿ ಇರೋರು" ಹೋಯಿತು. ವಿದ್ಯಾರ್ಥಿಗಳ ಮುಖ, ದನಿ, ಹೆಸರು ಅವರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ತೋರಿಸುವಂತಿಲ್ಲ, ಅದೂ ಹೋಯಿತು. ಒಂದೂವರೆ ಗಂಟೆಯ ಪಾಠದಲ್ಲಿ ಉಳಿದದ್ದನ್ನು ಹಾಲು ಉಕ್ಕುವುದರೊಳಗೆ ಕೇಳಿ ಮುಗಿಸಬಹುದಿತ್ತು.

ಮಾತನ್ನು ಬರಹಕ್ಕಿಳಿಸುವ ಕೆಲಸ ಯಂತ್ರಕ್ಕೆ ಒಪ್ಪಿಸಿದೆವು. ಅದರ ಕಿವಿಗೆ ನನ್ನ ಜಗಣವೆಲ್ಲ ಜಗಳವಾಗಿ ಕೇಳಿಸಿತ್ತು. "ಕಂದಪದ್ಯದ ವಿಷಮ ಸ್ಥಾನಗಳಲ್ಲಿ ಜಗಳ ಬರಕೂಡದು. ಆರನೆಯದರಲ್ಲಿ ಜಗಳ ಬರಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು."

"ಇದನ್ನ ತಿದ್ದಬೇಡಿ" ಎಂದಳು ಇವಳು. "ನಿಮ್ಮ ಪಾಠದಲ್ಲಿ ನನಗೆ ಅರ್ಥವಾಗಿರೋದು ಇದೊಂದೇ."

ಬೋರ್ಡಿನ ಮೇಲೆ ಅಕ್ಷರದ ನೆತ್ತಿಯಲ್ಲೇ ಕೂರುತ್ತಿದ್ದ ಲಘು-ಗುರು ಚಿಹ್ನೆಗಳು ಫೋನಿನಲ್ಲಿ ಶಿಸ್ತು ಬಿಟ್ಟವು. 12 ಮಾತ್ರೆಯ ಮೊದಲ ಸಾಲು ಹೇಗೋ ಪರದೆಯಲ್ಲಿ ಹಿಡಿಸಿತು; 20 ಮಾತ್ರೆಯ ಎರಡನೆಯದು ನಡು ಮುರಿದು ಕೆಳಗೆ ಬಿದ್ದು, ಗುರು ಹೋಗಿ ಲಘುವಿನ ತಲೆಯೇರಿತು. ಕೊನೆಗೆ ಮಗಳು ಅಕ್ಷರಕ್ಕೊಂದು ಮನೆ ಮಾಡಿ, ಚಿಹ್ನೆಯನ್ನೂ ಅದರೊಳಗೇ ಕೂಡಿಹಾಕಿದಳು. ನಾಗವರ್ಮನಿಗೆ ಈ ತಾಪತ್ರಯ ಇರಲಿಲ್ಲ.

ಆಮೇಲೆ ಉದಾಹರಣೆಗಳು. ಪಂಪ, ರನ್ನರ ತಕರಾರಿಲ್ಲ. ಬಿಎಂಶ್ರೀ ತೀರಿಕೊಂಡದ್ದು 1946ರಲ್ಲಿ, ಅವರದೂ ಈಗ ಎಲ್ಲರ ಸೊತ್ತು. ಬೇಂದ್ರೆ 1981. ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ. 2041 ಕಳೆಯುವ ತನಕ ಕವಿತೆಯನ್ನು ಇಡಿಯಾಗಿ ಹಾಕಬೇಕಾದರೆ ಅನುಮತಿ ಕೇಳಬೇಕು. ಪಾಠ ಮಾಡುವಾಗ ಮೇಷ್ಟರಿಗೆ ಕಾನೂನು ಕೊಡುವ ರಿಯಾಯಿತಿ, ವೆಬ್‌ಸೈಟಿಗೆ ಬಂದರೆ ಅಷ್ಟು ಸಲೀಸಾಗಿ ಕೈಹಿಡಿಯದು. ದುಡ್ಡು ಎಣಿಸಿಕೊಂಡಾಗ ಅಂಟದ ಪಾಪ ದಾನ ಮಾಡಲು ಹೊರಟಾಗ ಅಂಟಿತು!

ಕಡೆಗೆ ಪರವಾನಗಿ. ಕ್ರಿಯೇಟಿವ್ ಕಾಮನ್ಸಿನದನ್ನು ಆರಿಸಿ, ಷರತ್ತುಗಳನ್ನು ಗಂಭೀರವಾಗಿ ಓದಿ ಹೇಳಿದೆ: "ನನ್ನ ಹೆಸರು ಹೇಳಿ ಯಾರು ಬೇಕಾದರೂ ಹಂಚಬಹುದು. ಯಾರು ಬೇಕಾದರೂ ತಿದ್ದಬಹುದು."

"ಯಾರು ಬೇಕಾದರೂ ಅಂದ್ರೆ ನಾನೂನಾ?"

"ಕಾನೂನು ಪ್ರಕಾರ... ಹೌದು."

ಇವಳು ಕೈ ಒರೆಸಿಕೊಂಡು ಬಂದು, ಕನ್ನಡಕ ಏರಿಸಿ, ಮೊದಲ ಪುಟದಲ್ಲಿ ನನ್ನ ಹೆಸರಿನ ಹಿಂದಿದ್ದ 'ಖ್ಯಾತ ಛಂದೋವಿದ್ವಾಂಸ'ದಿಂದಲೇ ಶುರುಮಾಡಿದಳು.