ಆಯಿಲ್ ಕುಡಿಯುವ ಲಾರಿ

ಶಿರಾಡಿ ಘಾಟಿ ಹತ್ತುವ ಕೆಲವು ಟರ್ಬೊ ಲಾರಿಗಳಿಗೆ ಡೀಸೆಲ್ ಒಂದೇ ಸಾಲದು, ನೆಂಚಿಕೊಳ್ಳಲು ಎಂಜಿನ್ ಆಯಿಲೂ ಬೇಕು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ ಊಟ ಜೋರಾಗಿದೆ ಎಂದೇ ಲೆಕ್ಕ. ಟರ್ಬೊ ಶಾಫ್ಟು ನಿಮಿಷಕ್ಕೆ 1 ಲಕ್ಷ ಸುತ್ತು ದಾಟಬಲ್ಲ ಆಸಾಮಿ. ಬೇರಿಂಗ್ ಸವೆದರೆ ಸೀಲ್ ದಾಟಿದ ಆಯಿಲೆಲ್ಲ ಹೊಗೆ. (ಏರ್ ಫಿಲ್ಟರ್ ಕಟ್ಟಿಕೊಂಡರೂ ಇದೇ ಪಾಡು, ಬೈಗುಳ ಮಾತ್ರ ಟರ್ಬೊಗೆ.)

ಇನ್ನು ಆಯಿಲ್ ನೋಡುವ ವೈಭವ! ಇಳಿಜಾರಲ್ಲಿ ಲಾರಿ ನಿಲ್ಲಿಸಿ, ಎಂಜಿನ್ ಆರಿಸಿದ ಮರುಕ್ಷಣವೇ ಡಿಪ್‌ಸ್ಟಿಕ್ ಎಳೆದು, "ಕಮ್ಮಿ ಐತೆ ಕಣಣ್ಣ" ಎಂದು ಕ್ಲೀನರನ ತೀರ್ಪು. "ಸುರಿಯಲೇ ಇನ್ನೊಂದ್ ಲೀಟ್ರು" ಎಂದು ಅಣ್ಣನ ಅಪ್ಪಣೆ. ಮೇಲಿನ ಗೆರೆ ಮೀರಿ ಸುರಿದರೆ ಅದೂ ಹೊಗೆಯೇ.

ಸ್ವಾಮಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, 10 ನಿಮಿಷ ಆಯಿಲ್ ಇಳಿಯಲು ಬಿಡಿ. ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಕ್ಯಾನಿನ ಮುಚ್ಚಳ ತೆಗೆಯಲೇಬೇಡಿ.