ಅರ್ಧ ಮಿಲಿಮೀಟರಿನ ಆಸೆ

ದೌಂಡ ಜಂಕ್ಷನ್ನಿನಲ್ಲಿ ಟಿಸಿಗಳಿಗೆ ಹೆದರುವವರಿದ್ದರು, ಗೌರವಿಸುವವರು ಕಡಿಮೆ. 2024ರ ಆಗಸ್ಟ್ 1ರಂದು ಅದೂ ಬದಲಾಯಿತು. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ವಿಭಾಗದಲ್ಲಿ ಕಂಚು ಗೆದ್ದರು. ಆಗ ಅವರ ಕೆಲಸ, ನಮ್ಮ ಮಧ್ಯ ರೈಲ್ವೆಯಲ್ಲೇ ಟಿಕೆಟ್ ತಪಾಸಣೆ! ಮರುದಿನದಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೆಟ್ ಇದ್ದವರೂ ಟಿಸಿಯನ್ನು ಕಂಡರೆ ನೆಟ್ಟಗೆ ಕೂರತೊಡಗಿದರು.

ಆ ಗಾಳಿ ನನಗೂ ಬಡಿಯಿತು. ಕೆಲವು ಉತ್ಸಾಹಿಗಳು ತಾವೇ ನಡೆಸುತ್ತಿದ್ದ ಗುರಿಕಾರರ ಸಂಘಕ್ಕೆ ಅರ್ಜಿ ಹಾಕಿದೆ. ಕಲಬುರಗಿ ಕಡೆಯ ನನ್ನಾಕೆ ಒಂದೇ ಮಾತಿನಲ್ಲಿ ಹಾರೈಸಿದಳು: “ಮನ್ಯಾಗ ಒಂದ್ ಮೊಳಿ ನೆಟ್ಟಗ ಹೊಡ್ಯಾಕ ಬರಂಗಿಲ್ಲ ನಿಮಗ. ಗುಂಡು ಹೊಡೀತಾರಂತ ಗುಂಡು!”

ಸದಸ್ಯರೇ ನಡೆಸುವ ಸಂಘವೆಂದರೆ ಅಲ್ಲಿ ದ್ರೋಣರಿಲ್ಲ, ಎಲ್ಲರೂ ಏಕಲವ್ಯರೇ. ಹೆಬ್ಬೆರಳು ಕೇಳುವವರಿಲ್ಲ, ವರ್ಗಣಿ ಕೇಳುವವರಿದ್ದಾರೆ. ಹೆಬ್ಬೆರಳು ಕೊಟ್ಟಿದ್ದರೂ ಈಗ ನಷ್ಟವಿರಲಿಲ್ಲವೆನ್ನಿ. ಒಲಿಂಪಿಕ್ಸಿನ ಬಿಲ್ಲುಗಾರರು ಹೆದೆ ಎಳೆಯುವುದು ಅದರ ಪಕ್ಕದ ಮೂರು ಬೆರಳುಗಳಿಂದ.

ಮೊದಲ ದಿನ ಬಂದೂಕು ಸಿಗುತ್ತದೆಂದು ಹೋದವನಿಗೆ ಸಿಕ್ಕಿದ್ದು ಕಸಬರಿಗೆ. ಅಧ್ಯಕ್ಷರು ಆಗಲೇ ನೀರು ಚಿಮುಕಿಸುತ್ತಿದ್ದರು. ಕೀಲಿ ಇದ್ದವರು ಮದುವೆಗೆ ಹೋದರೆ ಅಂದು ಅಭ್ಯಾಸವಿಲ್ಲ.

ಒಂದೇ ಚಪ್ಪರದಡಿ ಎರಡು ಪಕ್ಷ. ಬಂದೂಕಿನವರು ಹೇಳುತ್ತಾರೆ: “ಗುಂಡು ಹಾಕದೆಯೇ ಕುದುರೆ ಎಳೆಯಿರಿ, ದಿನವೂ ಎಳೆಯಿರಿ, ಕೈ ಪಳಗುವುದೇ ಹಾಗೆ.” ಬಿಲ್ಲಿನವರು ಕಿರುಚುತ್ತಾರೆ: “ಬಾಣವಿಲ್ಲದೆ ಹೆದೆ ಎಳೆದು ಬಿಟ್ಟೀರಿ, ಜೋಕೆ! ಬಿಲ್ಲು ಮುರಿದೀತು.” ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗುತ್ತದಂತೆ. ಹೀಗೆ ಇತ್ತ ಪುಣ್ಯವಾದದ್ದು ಅತ್ತ ಮಹಾಪಾಪ. ಹತ್ತು ಹೆಜ್ಜೆ ಆಚೀಚೆ ಹೋದರೆ ಧರ್ಮವೇ ಬದಲಾಗುವ ಜಾಗದಲ್ಲಿ ಹೊಸಬ ಕೈಕಟ್ಟಿ ನಿಲ್ಲುವುದೇ ಕ್ಷೇಮ.

ನಾನು ಏರ್ ರೈಫಲ್ ಹಿಡಿದೆ. 10 ಮೀಟರ್ ದೂರ, 4.5 ಮಿಲಿಮೀಟರಿನ ಗುಂಡು. ಹತ್ತಂಕದ ಚುಕ್ಕೆಯ ಅಗಲವೋ ಅರ್ಧ ಮಿಲಿಮೀಟರು, ಗಸಗಸೆಯ ಕಾಳಿಗಿಂತ ಚಿಕ್ಕದು. 70 ಮೀಟರ್ ಆಚೆ ಬಿಲ್ಲುಗಾರರಿಗೆ 12.2 ಸೆಂಟಿಮೀಟರಿನ ಹತ್ತಂಕ ಇಟ್ಟಿರುವುದನ್ನು ಕಂಡು ಹೊಟ್ಟೆಯುರಿಯಿತು. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡಿಡುತ್ತಾರೆ. ಎಂಥ ಉದಾರ ಜನ! ತಾಗಿದರೆ ಚಟ್ನಿಗಾದರೂ ಆಯಿತು.

ದಪ್ಪ ಕ್ಯಾನ್ವಾಸಿನ ಕೋಟು ತೊಡಿಸಿದರು. ಬಗ್ಗುವಂತಿಲ್ಲ, ತಿರುಗುವಂತಿಲ್ಲ. “ಏನೂ ಮಾಡಬೇಡಿ, ಸುಮ್ಮನೆ ನಿಲ್ಲಿ,” ಎಂದರು ಹಿರಿಯ ಸದಸ್ಯರು. “ಉಸಿರು ಅರ್ಧ ಬಿಟ್ಟು ತಡೆಯಿರಿ. ಸಿಡಿದದ್ದು ನಿಮಗೇ ಗೊತ್ತಾಗಬಾರದು.” ನನಗೆ ಗೊತ್ತಾಗಲಿಲ್ಲ. ಗುರಿಹಲಗೆಗೂ ಗೊತ್ತಾಗಲಿಲ್ಲ.

ಕ್ರಮೇಣ ಸಂಘದ ಒಳಗುಟ್ಟು ತಿಳಿಯಿತು. ಚೆನ್ನಾಗಿ ಹೊಡೆಯುವವರು ಗೆರೆಯ ಮೇಲೆ ನಿಂತು ಹೊಡೆಯುತ್ತಲೇ ಇರುತ್ತಾರೆ, ಅವರಿಗೆ ಪುರುಸೊತ್ತಿಲ್ಲ. ಹೊಡೆಯಲು ಬಾರದವರು ಚಹಾ ತರಿಸುತ್ತಾರೆ, ಲೆಕ್ಕ ಬರೆಯುತ್ತಾರೆ, ಸಭೆ ಕರೆಯುತ್ತಾರೆ, ಆಮೇಲೆ ಪದಾಧಿಕಾರಿಗಳಾಗುತ್ತಾರೆ. ಗುರಿ ತಪ್ಪಿದಷ್ಟೂ ಹುದ್ದೆ ದೊಡ್ಡದು. ಅಧ್ಯಕ್ಷರು ಬಂದೂಕು ಎತ್ತಿದ್ದನ್ನು ಯಾರೂ ಕಂಡಿಲ್ಲ.

ನನ್ನನ್ನು ಆಗಲೇ ಜಂಟಿ ಕಾರ್ಯದರ್ಶಿ ಮಾಡಿದ್ದಾರೆ. ಮುಂದಿನ ಸಲ ಅಧ್ಯಕ್ಷಗಿರಿಗೇ ನಿಲ್ಲುವವನಿದ್ದೇನೆ. ಅರ್ಹತಾಪತ್ರವಾಗಿ ನನ್ನ ಗುರಿಕಾಗದಗಳನ್ನೆಲ್ಲ ಜೋಪಾನವಾಗಿ ಕಟ್ಟಿಟ್ಟಿದ್ದೇನೆ. ಒಂದರ ನಡುಚುಕ್ಕೆಯೂ ಮುಕ್ಕಾಗಿಲ್ಲ.